ಯಾರದೂ ಅಲ್ಲದ ಸಮಾಧಿ
ಲೆಸ್ಟರ್ ತೀರಿಕೊಂಡ ಮೇಲೆ ಅವರ ಹೆಂಡತಿ ಎಮಿಲಿಯಾನಾ ಸಿಡ್ನಿ ಬಿಟ್ಟು ಮೆಲ್ಬರ್ನಿನ ಬಾಕ್ಸ್ ಹಿಲ್‌ಗೆ, ಮಗಳು ಲವಿಟಾಳ ಮನೆಗೆ ಬಂದರು. ಕಳೆದ ತಿಂಗಳು ಮದುವೆಗೆಂದು ಸಿಡ್ನಿಗೆ ಹೋದಾಗಲೂ, ರೇಷ್ಮೆ ಸೀರೆಗೆ ಮಣ್ಣಾದೀತೆಂದು ಗಂಡನ ಸಮಾಧಿಯತ್ತ ಸುಳಿದಿರಲಿಲ್ಲ.

ಭೂತಪ್ರೇತಗಳ ಹಬ್ಬವಾದ ಹ್ಯಾಲೊವೀನ್ ಸಂಜೆ ತಾಯಿ ಮಗಳು ವಾಕಿಂಗ್ ಹೊರಟಿದ್ದರು. ಒಂದು ಮನೆಯ ಅಂಗಳದಂಚಿನಲ್ಲಿ ಥರ್ಮೋಕೋಲಿನ ಗೋರಿಕಲ್ಲು, ಪಕ್ಕದಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರ. ಎಮಿಲಿಯಾನಾ ಶಿಲುಬೆಯ ಗುರುತು ಮಾಡಿ ಬಗ್ಗಿದವರೇ ಕಲ್ಲಿನ ಬುಡದ ಹುಲ್ಲು ಕೀಳತೊಡಗಿದರು. ನವೆಂಬರಿನ ಮೃತರ ದಿನಕ್ಕೆ ಮುಂಚೆ ಮಂಗಳೂರಿನಲ್ಲಿ ಅವರ ಕಡೆಯವರೆಲ್ಲ ತಮ್ಮವರ ಸಮಾಧಿಗೆ ಮಾಡುವ ಕೆಲಸವದು.

“ಅಯ್ಯೋ ಮಮ್ಮಿ, ಅದು ಬರೀ ಡೆಕೊರೇಷನ್!”

“ಗೊತ್ತುಂಟು.”

“ಮತ್ತೆ? ಯಾರಾದ್ರೂ ನೋಡಿದ್ರೆ?”

“ನೋಡ್ಲಿ,” ಎಂದರು ಎಮಿಲಿಯಾನಾ, ಕೈ ನಿಲ್ಲಿಸದೆ. “ನಿನ್ನ ಡ್ಯಾಡಿ ನೋಡದಿದ್ರೆ ಸಾಕು.”