ಉಂಡ ಮೇಲೆ ಹೇಳುವ ಸುದ್ದಿ

ನಮ್ಮ ಕುರಿಗಾರರ ಮನೆತನದಲ್ಲಿ ಹಸಿದವರಿಗೆ ಸಾವಿನ ಸುದ್ದಿ ಹೇಳುವುದಿಲ್ಲ. ಕೇಳಿದ ಮೇಲೆ ಹೆಣ ಮಣ್ಣಾಗುವವರೆಗೆ ಬಾಯಿಗೆ ತುತ್ತು ಹಾಕುವಂತಿಲ್ಲ, ಅದಕ್ಕೇ ಮೊದಲು ಉಣಿಸುತ್ತಾರೆ. ಅಜ್ಜ ತೀರಿಕೊಂಡಾಗ ಅಪ್ಪ ಔರಾದ ಶಹಾಜನಿ ಎಂಬ ಊರಿನ ಆಚೆ ಕುರಿ ಮೇಯಿಸುತ್ತಿದ್ದ. ಹುಡುಕಿಕೊಂಡು ಹೋದ ಕಾಕಾ, ಅಪ್ಪ ರೊಟ್ಟಿ ಉಂಡು ಕೈ ತೊಳೆಯುವ ತನಕ ಮಳೆ, ಮೇವು ಅಂತ ಏನೇನೋ ಹರಟುತ್ತ ಕೂತಿದ್ದನಂತೆ.

ಈಗ ನಾನು ಐರ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು. ನಮ್ಮೂರು ದೇವಣಿಯಿಂದ ಅವ್ವ ರವಿವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಎತ್ತಿದ ಕೂಡಲೇ ಯಾವ ಕುರಿ ಮರಿ ಹಾಕಿತು ಅನ್ನುವುದರಿಂದ ಶುರು. ಉಂಡೆಯಾ ಅಂತ ಮಾತ್ರ ಕೇಳುವುದಿಲ್ಲ. ಕೇಳಬೇಡ, ನನ್ನ ಎದೆ ಧಸಕ್ಕೆನ್ನುತ್ತದೆ ಎಂದು ಜಗಳ ತೆಗೆದವಳು ನಾನೇ.

ಮೊನ್ನೆ ಬುಧವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಅಣ್ಣನ ಫೋನು ಬಂತು.

"ಊಟ ಆತೇನವ್ವಾ?"

ಅಣ್ಣ ಎಂದೂ ನನ್ನ ಜೊತೆ ಇಷ್ಟು ಮೆತ್ತಗೆ ಮಾತಾಡಿದವನಲ್ಲ.

"ಅವ್ವನ ಕೈಯಾಗ ಫೋನ್ ಕೊಡು," ಎಂದು ಚೀರಿದೆ.

"ಮೊದಲ ಉಣ್ಣು ನೀ. ಅಲ್ಲೀತನಕ ನಾ ಫೋನ್ ಇಡಂಗಿಲ್ಲ."

ಈ ಹಾಳು ಪದ್ಧತಿಗಿಷ್ಟು ಬೆಂಕಿ ಹಾಕ ಎಂದು ಬೈಯಬೇಕೆನಿಸಿತು, ಆದರೂ ಡಬ್ಬಿಗೆ ಕೈ ಹಾಕಿದೆ. ಒಂದು ತುತ್ತು ಬಾಯಿಗಿಟ್ಟುಕೊಂಡೆ. ಅಗಿದೆ, ಅಗಿಯುತ್ತಲೇ ಇದ್ದೆ. ಆ ಕಡೆ ಅಣ್ಣನ ಉಸಿರಷ್ಟೇ ಕೇಳುತ್ತಿತ್ತು. ಡಬ್ಬಿಯಲ್ಲಿ ಅನ್ನ ಇರುವವರೆಗೆ ನಮ್ಮ ಮನೆಯಲ್ಲಿ ಎಲ್ಲರೂ ಬದುಕಿದ್ದರು.