ಗುರೆಳ್ಳು ಚಟ್ನಿ ಹೆಚ್ಚಾಗಿದೆ

ಬಬಲೇಶ್ವರದ ಬಜಾರಿನಲ್ಲಿ ನಮ್ಮಪ್ಪನದೊಂದು ಕಿರಾಣಿ ಅಂಗಡಿ ಇತ್ತು. ಆ ಅಂಗಡಿಯಲ್ಲಿ ಯಾವ ಸಾಮಾನೂ ಯಾವತ್ತೂ ಮುಗಿಯುತ್ತಿರಲಿಲ್ಲ. ಸಕ್ಕರೆ ಡಬ್ಬಿಯ ತಳ ಕಾಣುತ್ತಿದ್ದರೂ ಅಪ್ಪ ಗಿರಾಕಿಗೆ 'ಸಕ್ಕರಿ ಹೆಚ್ಚಾಗೇತಿ, ನಾಳೆ ಬರ್ರಿ' ಅನ್ನುತ್ತಿದ್ದ. ಗಿರಾಕಿ ತಲೆಯಾಡಿಸಿ ಮನೆಗೆ ಹೋಗುತ್ತಿದ್ದ. ನಮ್ಮ ಕಡೆ ಅದೇ ರೂಢಿ. ಅಕ್ಕಿ, ಎಣ್ಣೆ, ಉಪ್ಪು ತೀರಿದರೆ ಇಲ್ಲ ಅನ್ನಬಾರದು, ಹೆಚ್ಚಾಗಿದೆ ಅನ್ನಬೇಕು. ಬಳೆ ಒಡೆದರೆ ಬಳೆ ಹೆಚ್ಚಿತು. ದೀಪ ಆರಿಸಬೇಕಾದರೆ ದೀಪ ದೊಡ್ಡದು ಮಾಡು. 'ಇಲ್ಲ' ಅಂದದ್ದನ್ನು ಮನೆದೇವರು ಕೇಳಿಸಿಕೊಂಡು ಹಾಗೇ ಆಗಲಿ ಅಂದುಬಿಟ್ಟರೆ ಏನು ಗತಿ ಎಂಬ ಅಂಜಿಕೆ ಅದು. ಅಪ್ಪನಿಗೆ ದೇವರಿಗಿಂತ ಗಿರಾಕಿಯ ಅಂಜಿಕೆ ಹೆಚ್ಚಿತ್ತು ಎಂದು ಅವ್ವ ನಗುತ್ತಿದ್ದಳು.

ಅದೇ ವ್ಯಾಪಾರವನ್ನು ಈಗ ನಾನು ಬೇರೆ ಬಾಯಿಂದ ಹೇಳಿಕೊಂಡು ಸಂಬಳ ಎಣಿಸುತ್ತೇನೆ. ವಿಜಯಪುರದಲ್ಲಿ ಎಂ.ಕಾಂ. ಹುಡುಗಿಯರಿಗೆ ಉದ್ಯಮಶೀಲತೆ, ನಾವೀನ್ಯತೆ ಮತ್ತು ಇ-ಕಾಮರ್ಸ್ ಎಂಬ ಪತ್ರಿಕೆಯ ಪಾಠ ಹೇಳುವವಳು ನಾನು. ಹೆಸರು ಓದುವುದರಲ್ಲೇ ಅರ್ಧ ಪೀರಿಯಡ್ ಹೋಗುತ್ತದೆ. ಈ ಪತ್ರಿಕೆ ಬಂದಾಗ ವಿಭಾಗದಲ್ಲಿ ಯಾರೂ ತಗೊಳ್ಳಲು ತಯಾರಿರಲಿಲ್ಲ. 'ನೀವು ಅಂಗಡಿಯವರ ಮಗಳಲ್ರೀ' ಅಂತ ನಗುನಗುತ್ತ ನನ್ನ ಕೊರಳಿಗೆ ಕಟ್ಟಿದರು. ನನಗೂ ಸಿಟ್ಟು ಬಂತು. ಮಾಡುವುದೇ ಆದರೆ ನೆಟ್ಟಗೆ ಮಾಡೋಣ ಎಂದು, ಪುಸ್ತಕದಿಂದ ನೋಟ್ಸ್ ಬರೆಸುವುದು ಬಿಟ್ಟು, ಇಬ್ಬಿಬ್ಬರು ಸೇರಿ ಒಂದು ಸೆಮಿಸ್ಟರ್ ನಿಜವಾದ ಆನ್‌ಲೈನ್ ಅಂಗಡಿ ನಡೆಸಬೇಕು ಅಂದೆ. ಒಂದೇ ಒಂದು ಕಟ್ಟುನಿಟ್ಟು. ಆರ್ಡರು ತಗೊಂಡ ಮೇಲೆ ಸಾಮಾನು ಮುಟ್ಟಿಸಬೇಕು. ಮುಟ್ಟಿಸದಿದ್ದರೆ ಅಂಗಡಿಯ ಮಾರ್ಕ್ಸಿಗೆ ಸೊನ್ನೆ. ಹುಡುಗಿಯರು ನನ್ನನ್ನು ಹಿಂದಿನಿಂದ ಏನೇನು ಅಂದರೋ, ನಾನು ಕೇಳಲು ಹೋಗಲಿಲ್ಲ.

ಆ ವರ್ಷ ನನ್ನ ತರಗತಿಯಲ್ಲಿ ಟಿಕೋಟಾದಿಂದ ಬಸ್ಸಿಗೆ ಬರುವ ಒಬ್ಬ ಸೊಸೆ ಇದ್ದಳು. ಡಿಗ್ರಿ ಮುಗಿದ ಕೂಡಲೇ ಮದುವೆಯಾದವಳು. ಗಂಡ ಒಣದ್ರಾಕ್ಷಿ ವ್ಯಾಪಾರ ಮಾಡುತ್ತಿದ್ದ. ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ತೆಯ ಮಾತು. ಮೊದಲ ವರ್ಷ ಓದಲು ಅತ್ತೆ ಒಪ್ಪಿದ್ದರು. ಎರಡನೇ ವರ್ಷದ ಮಾತು ಎತ್ತಿದರೆ ಮಾತ್ರ 'ಇದೊಂದು ದಾಟಲಿ, ನೋಡೂನು' ಅನ್ನುತ್ತಿದ್ದರಂತೆ. ನಮ್ಮ ಕಡೆಯ 'ನೋಡೂನು' ಯಾವ ಬಾಗಿಲು ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅದು ತೆರೆಯಲೂಬಹುದು, ಮುಚ್ಚಲೂಬಹುದು. ಅದಕ್ಕೇ ಆ ಹುಡುಗಿ ಈ ಸೆಮಿಸ್ಟರನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದುತ್ತಿದ್ದಳು. ಬಸ್ಸಿನಲ್ಲಿ ನಿಂತುಕೊಂಡೇ ಓದಿದ್ದೇನೆ ಅಂತ ಒಂದು ದಿನ ಹೇಳಿದಳು.

ಅಂಗಡಿಗೆ ಅವಳ ಜೊತೆಗಾತಿ ಒಬ್ಬ ಮೈಸೂರಿನ ಹುಡುಗಿ. ಅಪ್ಪ ಬ್ಯಾಂಕಿನವರು, ವರ್ಗವಾಗಿ ಬಂದು ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ ಮನೆ ಮಾಡಿದ್ದರು. ಚುರುಕು ಎಂದರೆ ಚುರುಕು, ಬೆರಳು ಫೋನಿನ ಮೇಲೆ ಓಡುವುದೇ ಕಾಣುತ್ತಿರಲಿಲ್ಲ. ಇಬ್ಬರೂ ಕೂಡಿ ಅತ್ತೆಯ ಕೈಯ ಚಟ್ನಿಪುಡಿ ಮಾರುವುದೆಂದು ಗೊತ್ತು ಮಾಡಿದರು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಮೈಸೂರಿನವರು ಹುಚ್ಚೆಳ್ಳು ಅನ್ನುವುದೇ ನಮ್ಮ ಗುರೆಳ್ಳು. ಅವರ ಹೊಲದಲ್ಲಿ ಜೋಳದ ನಡುವೆ ಸಾಲು ಬಿಟ್ಟು ಗುರೆಳ್ಳು ಹಾಕುತ್ತಿದ್ದರು. ಆ ಕಾಳು ಬಿಟ್ಟು ಬೇರೆ ಕಾಳನ್ನು ಅತ್ತೆ ಒಲೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಪ್ಯಾಕೆಟ್ಟಿನ ಮೇಲೆ ಏನು ಚಿತ್ರ ಹಾಕುವುದು ಎಂಬ ಚರ್ಚೆ ಬಂದಾಗ ಮೈಸೂರಿನವಳು ಅತ್ತೆಯ ಫೋಟೋ ಹಾಕೋಣ ಅಂದಳು. 'ಚಟ್ನಿ ಮ್ಯಾಲ ನನ್ನ ಮಾರಿ ಯಾಕ' ಎಂದು ಅತ್ತೆ ಮೊದಲು ಮುಖ ತಿರುಗಿಸಿ ಬೈದರಂತೆ. ಆಮೇಲೆ ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಪಡಸಾಲೆಯಲ್ಲಿ ಕೂತರಂತೆ. ಫೋಟೋದಲ್ಲಿ ಅವರು ನಕ್ಕಿಲ್ಲ, ಸಾಲ ಕೇಳಲು ಬಂದವರನ್ನು ನೋಡುವ ಹಾಗೆ ನೋಡುತ್ತಿದ್ದಾರೆ. ಚಟ್ನಿ ಮಾತ್ರ ಭಾರೀ ಓಡಿತು.

ಎಡವಟ್ಟಾದದ್ದು ನಾಗರ ಪಂಚಮಿಯ ಮುಂಚೆ. ಸೊಸೆ ಮೈಸೂರಿನವಳು ತಗೊಳ್ಳದ ಬೇರೊಂದು ಪತ್ರಿಕೆಯ ಪರೀಕ್ಷೆಯಲ್ಲಿ ಕೂತಿದ್ದಳು, ಫೋನು ಹೊರಗೆ ಚೀಲದಲ್ಲಿ. ಅಂಗಡಿಯ ಪುಟದಲ್ಲಿ ಯಾವ ಚಟ್ನಿ ಎಷ್ಟಿದೆ ಎಂದು ತಿದ್ದಬೇಕಾಗಿತ್ತು. ಮೈಸೂರಿನವಳು ನೇರ ಅತ್ತೆಗೇ ಫೋನು ಮಾಡಿದಳು. ಅತ್ತೆ ಅಂದದ್ದು ಇಷ್ಟು: 'ಗುರೆಳ್ಳ ಚಟ್ನಿ ಹೆಚ್ಚಾಗೇತಿ ನೋಡವಾ. ಶೇಂಗಾದ್ದು ಐತಿ.' ಹುಡುಗಿಗೆ ಹಿಗ್ಗೋ ಹಿಗ್ಗು. ಹೆಚ್ಚಾಗಿ ಉಳಿದುಬಿಟ್ಟಿದೆ, ಖರ್ಚು ಮಾಡಬೇಕು ಎಂದುಕೊಂಡು, ನಾನು ಪಾಠದಲ್ಲಿ ಹೇಳಿದ್ದನ್ನೆಲ್ಲ ನೆನಪು ಮಾಡಿಕೊಂಡು, 'ಪಂಚಮಿ ವಿಶೇಷ, ಗುರೆಳ್ಳು ಚಟ್ನಿ ಎರಡು ಕೊಂಡರೆ ಒಂದು ಉಚಿತ' ಎಂದು ಹಾಕಿಬಿಟ್ಟಳು. ಸಾಯಂಕಾಲದ ಹೊತ್ತಿಗೆ ಸೊಲ್ಲಾಪುರ, ಪುಣೆ, ಹುಬ್ಬಳ್ಳಿ, ಎಲ್ಲೆಲ್ಲಿಂದಲೋ ಆರ್ಡರು. ಟಿಕೋಟಾದ ಡಬ್ಬಿಯಲ್ಲಿ ಮಾರುವುದಕ್ಕೆ ಒಂದು ಚಮಚೆಯೂ ಇರಲಿಲ್ಲ. ಹೊಸ ಗುರೆಳ್ಳು ಬರಬೇಕಾದರೆ ಚಳಿಗಾಲ ಬರಬೇಕು.

ಮರುದಿನ ಬೆಳಿಗ್ಗೆ ಮೈಸೂರಿನವಳು ನನ್ನ ಕೋಣೆಗೆ ಬಂದು ಅಳುತ್ತ ನಿಂತಳು. 'ಮೇಡಂ, ಅವರೇ ಹೇಳಿದ್ರು ಜಾಸ್ತಿ ಆಗಿದೆ ಅಂತ' ಅಂದಳು. ಏನು ಹೇಳಿದರು, ಅದೇ ಮಾತು ಹೇಳು ಅಂದೆ. ಹೇಳಿದಳು. ನನಗೆ ನಗು ತಡೆಯಲಿಲ್ಲ, ಮೇಜು ಹಿಡಿದುಕೊಂಡು ನಕ್ಕೆ. ಪಾಪ, ಅದು ಇನ್ನಷ್ಟು ಅತ್ತಿತು. ಹೆಚ್ಚಾಗಿದೆ ಎಂದರೆ ತೀರಿದೆ ಎಂದು ಬಿಡಿಸಿ ಹೇಳಿದಾಗ, ತೀರಿದ್ದರೆ ತೀರಿದೆ ಅನ್ನಬೇಕಲ್ಲವಾ ಮೇಡಂ ಎಂದು ಬಾಯಿ ತೆರೆದು ನನ್ನನ್ನೇ ನೋಡಿದಳು. ಆಗ ಬಾಗಿಲಲ್ಲಿ ಸೊಸೆ ಕಾಣಿಸಿದಳು. ಅವಳು ಅಳುತ್ತಿರಲಿಲ್ಲ, ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ನಗು ಅಲ್ಲಿಗೇ ನಿಂತಿತು.

ವಿಷಯ ಮನೆಗೆ ಮುಟ್ಟಿತ್ತು. ಗಂಡ ಒಳ್ಳೆಯವನೇ. ಹೆಂಡತಿಗೆ ಸೊನ್ನೆ ಬೀಳಬಾರದು ಅಂತ, ಪೇಟೆಯಲ್ಲಿ ಬೇಕಾದಷ್ಟು ಗುರೆಳ್ಳು ಚಟ್ನಿ ಸಿಗುತ್ತದೆ, ತಂದು ಅವ್ವನ ಫೋಟೋದ ಪ್ಯಾಕೆಟ್ಟಿಗೆ ತುಂಬಿ ಕಳಿಸಿಬಿಡಿ ಅಂದನಂತೆ. ಅತ್ತೆ ಊಟದ ತಾಟು ಸರಿಸಿ ಎದ್ದರಂತೆ. ಆಮೇಲೆ ಸೊಸೆಗೆ 'ಇಷ್ಟು ಓದಿದ್ದು ಭಾಳ ಆತು' ಅಂದರಂತೆ. ಹೆಚ್ಚಾಗಿದೆ ಅಂದರೆ ತೀರಿತು ಎಂದು ಈಗ ತಾನೇ ಮೈಸೂರಿನವಳಿಗೆ ಕಲಿಸಿದವಳು ನಾನು, 'ಭಾಳ ಆತು' ಅಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನೀನೇನು ಮಾಡಬೇಕಂತೀ ಎಂದು ಸೊಸೆಯನ್ನು ಕೇಳಿದೆ. ರಾತ್ರಿಯೆಲ್ಲ ಇದನ್ನೇ ವಿಚಾರ ಮಾಡಿ ಬಂದವಳ ಹಾಗೆ ತಡವಿಲ್ಲದೆ ಹೇಳಿದಳು.

'ಎಲ್ಲಾರಿಗೂ ಫೋನ್ ಹಚ್ಚಿ ಇಲ್ಲ ಅಂತ ಹೇಳ್ತೇನ್ರಿ ಮೇಡಂ. ನೀವು ಸೊನ್ನಿ ಹಾಕ್ರಿ. ಬ್ಯಾರೇದ್ದು ತುಂಬಿ ಕಳಸಂಗಿಲ್ಲ.'

ಎರಡನೇ ವರ್ಷ ಹೋಗುತ್ತದಲ್ಲ ಅಂದೆ. ಹೋಗತೈತಿ ಅಂದಳು. ನನ್ನ ಕಟ್ಟುನಿಟ್ಟಿನ ಮೇಲೆ ನನಗೇ ಎಲ್ಲಿಲ್ಲದ ಸಿಟ್ಟು ಬಂತು. ಆದರೂ ನಿಯಮ ಸಡಿಲಿಸುತ್ತೇನೆ ಅನ್ನಲು ಬಾಯಿ ಬರಲಿಲ್ಲ. ಅವಳೂ ಅದನ್ನು ಕೇಳಲಿಲ್ಲ. ಫೋನು ಮಾಡುವುದಾದರೆ ನಿಮ್ಮ ಮನೆಯಲ್ಲೇ ಕೂತು ಮಾಡು, ನಾವೂ ಬರುತ್ತೇವೆ ಅಂದೆ. ಕ್ಲಾಸು ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಮೂವರೂ ಟಿಕೋಟಾಕ್ಕೆ ಹೊರಟೆವು. ತೊರವಿ ದಾಟಿದ ಮೇಲೆ ಮೈಸೂರಿನವಳು ಮೆಲ್ಲಗೆ, ನಿಮ್ಮ ಅತ್ತೆ ಹೊಡೆಯುತ್ತಾರಾ ಎಂದು ಕೇಳಿದಳು. ಸೊಸೆ ಅಷ್ಟು ದುಃಖದಲ್ಲೂ ನಕ್ಕುಬಿಟ್ಟಳು.

ಅತ್ತೆ ನಮ್ಮನ್ನು ಕೂರಿಸಿ, ನೀರು ಕೊಟ್ಟು, ಚಹಾ ಕೊಟ್ಟು, ಆಮೇಲೆ ಬಾಯಿ ತೆರೆದರು. ನಮ್ಮ ಕಡೆ ಜಗಳಕ್ಕೂ ಮೊದಲು ಚಹಾ ಆಗಬೇಕು. ಮೈಸೂರಿನವಳು ಕಾಲಿಗೆ ಬಿದ್ದಳು. ಅವಳನ್ನು ಎಬ್ಬಿಸಿ, ನೀ ಏನು ಮಾಡ್ತಿ ತಂಗಿ, ನಿನ್ನ ಭಾಷಾನ ಬ್ಯಾರೆ ಎಂದು ಗಲ್ಲ ಸವರಿದರು. ಆಮೇಲೆ ನನ್ನ ಕಡೆ ತಿರುಗಿದರು.

'ಅಕ್ಕಾರ, ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಇಲ್ಲದ್ದನ್ನ ಐತಿ ಅಂತ ಮಾರೂದು ನಿಮ್ಮ ಕಾಲೇಜಿನಾಗ ಎಷ್ಟನೇ ಪಾಠ?'

ಮುಖಕ್ಕೆ ಹೊಡೆದ ಹಾಗಾಯಿತು. ಹುಡುಗಿ ಮೋಸ ಮಾಡಲಿಲ್ಲ, ನಿಮ್ಮ ಮಾತನ್ನು ತಪ್ಪು ತಿಳಿದಳು ಎಂದೆ. ನೀವೂ ನೇರವಾಗಿ ಮುಗಿದಿದೆ ಅಂದಿದ್ದರೆ ಇದಾಗುತ್ತಿರಲಿಲ್ಲ ಅಂತಲೂ ನನ್ನ ಬಾಯಿಂದ ಬಂದುಬಿಟ್ಟಿತು. ನಾನು ಸುಮ್ಮನಿರುವ ಹೆಂಗಸಲ್ಲ, ಏನು ಮಾಡುವುದು. ಅತ್ತೆ ಕೆಂಡವಾದರು. ತುಂಬಿದ ಮನೆಯಲ್ಲಿ ಕೂತು, ಅದೂ ಹಬ್ಬದ ಮುಂಚೆ, ಇಲ್ಲ ಅಂತ ಬಾಯಿ ಬಿಡಬೇಕಿತ್ತೇನು ಎಂದರು. ತಮ್ಮ ಅತ್ತೆಯ ಕಾಲದಿಂದ ಈ ಮನೆಯಲ್ಲಿ ಆ ಶಬ್ದ ಯಾರೂ ಆಡಿಲ್ಲ ಎಂದರು. ನಮ್ಮಪ್ಪ ಇದ್ದಿದ್ದರೆ ಅವರ ಪಕ್ಷವೇ ಹಿಡಿಯುತ್ತಿದ್ದ.

ನಾವು ಹೀಗೆ ಮಾತಿಗೆ ಮಾತು ಬೆಳೆಸುತ್ತಿರುವಾಗ ಸೊಸೆ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಫೋನು ಮಾಡಲು ಶುರು ಮಾಡಿದ್ದಳು. ಅವಳ ದನಿ ಕೇಳಿ ನಾವಿಬ್ಬರೂ ತಣ್ಣಗಾದೆವು. ತರಗತಿಯಲ್ಲಿ ಪ್ರಶ್ನೆ ಕೇಳಿದರೂ ತಲೆ ಎತ್ತದ ಹುಡುಗಿ, ಗುರುತಿಲ್ಲದವರ ಹತ್ತಿರ, ತಪ್ಪು ನಮ್ಮದೇ, ನಿಮ್ಮ ಆರ್ಡರು ನಮ್ಮಿಂದ ಆಗುವುದಿಲ್ಲ, ಕ್ಷಮಿಸಿ ಎನ್ನುತ್ತಿದ್ದಳು. ಕೆಲವರು ಹೋಗಲಿ ಬಿಡಮ್ಮ ಅಂದರು. ಒಬ್ಬ ಗಂಡಸು ಬೈಯುವುದು ಫೋನಿನಿಂದ ಹೊರಗೆ ಕೇಳುತ್ತಿತ್ತು. ಅವಳು ಪೂರ್ತಿ ಬೈಸಿಕೊಂಡು, ಹೌದ್ರಿ ಅಂದು, ಮುಂದಿನ ನಂಬರು ಹಚ್ಚಿದಳು. ಒಬ್ಬರಿಗೂ ಜೊತೆಗಾತಿ ತಪ್ಪು ಮಾಡಿದಳು ಅನ್ನಲಿಲ್ಲ, ಅತ್ತೆ ಹೀಗಂದರು ಅನ್ನಲಿಲ್ಲ. ಅತ್ತೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೂತಿದ್ದರು.

ಸೊಲ್ಲಾಪುರದ ಒಬ್ಬ ಹೆಂಗಸಿನ ಫೋನಿಗೆ ಬಂದಾಗ ಸೊಸೆಯ ಮಾತು ನಿಂತಿತು. ಆ ತಾಯಿಯ ಮಗಳು ಬಸುರಿ, ಬಾಯಿಗೆ ಏನೂ ಸೇರುತ್ತಿಲ್ಲ, ಗುರೆಳ್ಳು ಚಟ್ನಿ ಒಂದನ್ನೇ ಬಯಸಿದ್ದಾಳೆ. ನಮ್ಮ ಕಡೆಯವರೇ, ಮದುವೆಯಾಗಿ ಅಲ್ಲಿ ನೆಲೆಸಿದವರು. ಹಾಗನ್ನಬೇಡ ನನ್ನವ್ವಾ, ಒಂದೇ ಒಂದು ಪ್ಯಾಕೆಟ್ಟು ಎಂದು ಆಕೆ ಅಂಗಲಾಚುತ್ತಿದ್ದರು. ಸೊಸೆಯ ಕಣ್ಣಲ್ಲಿ ನೀರು ತುಂಬಿತು. ಅತ್ತೆ ಎದ್ದು ಬಂದು ಕೈ ಚಾಚಿದರು. ಸೊಸೆ ಅಂಜುತ್ತಲೇ ಫೋನು ಕೊಟ್ಟಳು.

'ನಾ ಅಕಿ ಅತ್ತಿ ಮಾತಾಡಾಕತ್ತೇನ್ರಿ. ಚೀಲದ ಮ್ಯಾಲಿನ ಮಾರಿ ನಂದ. ಚಟ್ನಿ ಇಲ್ಲರಿ. ಮುಗದೈತಿ.'

ಅಂದವರೇ ದೇವರ ಕೋಣೆಯ ಕಡೆ ಒಮ್ಮೆ ನೋಡಿದರು. ಆ ಮನೆಯಲ್ಲಿ ಆ ಶಬ್ದ ಬಿದ್ದದ್ದು ಅವರಿಗೇ ಕೇಳಿಸಿತೇನೋ. ಆಮೇಲೆ ದನಿ ಇಳಿಸಿ, ಮನೆಗೆಂದು ತೆಗೆದಿಟ್ಟ ಒಂದು ಸಣ್ಣ ಡಬ್ಬಿ ಇದೆ, ಅದು ಮಾರುವುದಲ್ಲ, ನಿಮ್ಮ ಮಗಳ ಮಡಿಲು ತುಂಬುವ ತವರಿನ ಉಡಿ ಅಂತ ತಿಳಿದು ತಗೊಳ್ಳಿ, ಸೊಲ್ಲಾಪುರದ ಬಸ್ಸಿಗೆ ಕೊಟ್ಟು ಕಳಿಸುತ್ತೇವೆ ಅಂದರು. ಆ ಕಡೆಯಿಂದ ಅಳು ಕೇಳಿಸಿತು. ಅತ್ತೆ ಅದನ್ನು ಬಹಳ ಹೊತ್ತು ಕೇಳಲಿಲ್ಲ, ಮಗಳನ್ನು ಬಿಸಿಲಿಗೆ ತಿರುಗಾಡಿಸಬೇಡಿ ಎಂದು ಎರಡು ಮಾತು ಬುದ್ಧಿ ಹೇಳಿ ಫೋನು ಸೊಸೆಯ ಕೈಗೆ ಕೊಟ್ಟರು.

ಅಷ್ಟರಲ್ಲಿ ಸೊಸೆಯ ಗಂಡ ಒಣದ್ರಾಕ್ಷಿ ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ. ನಡೆದದ್ದನ್ನೆಲ್ಲ ನೋಡಿದ್ದ. ಆರ್ಡರೆಲ್ಲ ರದ್ದು, ಮಾರ್ಕ್ಸೂ ಹೋದವು ಎಂದು ನನ್ನಿಂದ ಕೇಳಿ ತಿಳಿದುಕೊಂಡ. ತಲೆ ಕೆರೆದುಕೊಂಡು, ಹಾಗಾದರೆ ಮುಂದಿನ ವರ್ಷದ ಕಾಲೇಜು ಬಿಟ್ಟ ಹಾಗೇ ಅಲ್ಲವೇ ಎಂದು ತಾಯಿಯನ್ನು ಕೇಳಿದ. ಸೊಸೆ ತಲೆ ಎತ್ತಲಿಲ್ಲ. ಮೈಸೂರಿನವಳು ನನ್ನ ಕೈ ಹಿಡಿದುಕೊಂಡಳು.

ಅತ್ತೆ ಮಗನನ್ನು ಕೆಳಗಿನಿಂದ ಮೇಲೆ ನೋಡಿದರು.

'ಅರ್ಧಾ ಕಲತಾಕಿ ಕೈಯಾಗ ನನ್ನ ಮಾರಿ ಕೊಟ್ಟು ನೋಡಿದೆ, ಸಾಕಾತು' ಎಂದರು. 'ಪೂರಾ ಕಲತ ಬರಲಿ.'

ಸೊಸೆ ಫೋನನ್ನು ಮಡಿಲಲ್ಲಿ ಹಾಕಿಕೊಂಡು, ಬಾಯಿಗೆ ಸೆರಗು ಒತ್ತಿ, ಬೆಳಗಿನಿಂದ ಹಿಡಿದಿಟ್ಟದ್ದನ್ನೆಲ್ಲ ಅತ್ತಳು. ಅತ್ತೆ ಅವಳ ಪಕ್ಕದಲ್ಲಿ ಕೂತರು, ಅವಳ ಕಡೆ ನೋಡಲಿಲ್ಲ. ಇನ್ನೂ ಎಷ್ಟು ಮಂದಿಗೆ ಹೇಳುವುದು ಉಳಿದಿದೆ ಎಂದು ಕೇಳಿ, ಮುಂದಿನ ನಂಬರು ಹಚ್ಚು ಅಂದರು.