ಹಾವುಹದ್ದಿನ ಗೂಡಿದ್ದ ಮತ್ತಿ ಮರ

ಹೋದ ವಾರ ಟಿಳಕವಾಡಿಯ ನಮ್ಮ ಮನೆಯ ಗೇಟಿಗೆ ಬಣ್ಣ ಹಚ್ಚುತ್ತಿದ್ದರು. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಖಾನಾಪುರದ ಕಾಡಿನ ಆ ವಾಚರ್ ಮಾಮಾ ಕಣ್ಣೆದುರು ಬಂದು ನಿಂತರು... ಹಿಂದೆಯೇ ನನ್ನ ಮೇಲೆ ನನಗೇ ಸಿಟ್ಟೂ ಬಂತು.

ಹಲವು ವರ್ಷಗಳ ಹಿಂದೆ ನಾನು ಅಲ್ಲಿ ರಸ್ತೆ ಗುತ್ತಿಗೆದಾರನೊಬ್ಬನ ಹತ್ತಿರ ಕೆಲಸಕ್ಕಿದ್ದೆ. ರಸ್ತೆ ಅಗಲ ಮಾಡಲು ಕಡಿಯಬೇಕಾದ ಮರಗಳಿಗೆ ಬಣ್ಣದಲ್ಲಿ ನಂಬರು ಬರೆದು ಪಟ್ಟಿ ಮಾಡುವುದು ನನ್ನ ಕೆಲಸ. ಕಾಡಿನ ಕಾವಲಿಗಿದ್ದ ಮಾಮಾ ಜೊತೆಗೆ ಬರುತ್ತಿದ್ದರು. ಹಳ್ಳದ ದಂಡೆಯ ಮತ್ತಿ ಮರದ ಬುಡದಲ್ಲಿ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ಮೇಲೆ ಹಾವುಹದ್ದಿನ ಗೂಡು. ಸ್ವಲ್ಪ ಹೊತ್ತಿಗೆ ಸಿಳ್ಳೆ ಹಾಕುತ್ತ ತಾಯಿ ಹದ್ದು ಬಂತು. ನುಂಗಿದ ಹಾವಿನ ಬಾಲ ಮಾತ್ರ ಕೊಕ್ಕಿನಿಂದ ಜೋತಾಡುತ್ತಿತ್ತು. ಮರಿ ಆ ಬಾಲ ಕಚ್ಚಿ, ಜಗ್ಗಿ ಜಗ್ಗಿ ಇಡೀ ಹಾವನ್ನು ತಾಯಿಯ ಗಂಟಲಿನಿಂದ ಹೊರಗೆಳೆಯಿತು.

"ವರ್ಷಕ್ಕ ಒಂದ ತತ್ತಿ ಇಡತೈತ್ರಿ," ಎಂದರು ಮಾಮಾ. "ಮರಿ ರೆಕ್ಕಿ ಬಲಿಯೂತನಾ ಒಂದ ತಿಂಗಳ ತಡದ್ರ ಸಾಕು. ಗೂಡ ಐತಿ ಅಂತ ಪಟ್ಟಿಯೊಳಗ ಬರೀರಿ."

ಬರೆಯುತ್ತೇನೆ ಎಂದೆ. ಸಂಜೆ ಗುತ್ತಿಗೆದಾರ ನಕ್ಕ. "ಹದ್ದಿನ ಪರ್ಮಿಶನ್ ತೊಗೊಂಡ ರೋಡ್ ಮಾಡೂಣೇನ? ಇಲ್ಲ ಅಂತ ಬರಿ."

ಬರೆದೆ. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ.

ಮಾಮಾ ಮೇಲಿನವರ ಹತ್ತಿರ ಹೋದರೆ, ಅವರು ನನ್ನ ಪಟ್ಟಿಯನ್ನೇ ತೋರಿಸಿ ಗದರಿಸಿ ಕಳಿಸಿದರು. ಮರ ಉರುಳಿದ ದಿನ ಮಧ್ಯಾಹ್ನ ಮಾಮಾ ನಮ್ಮ ಶೆಡ್ಡಿಗೆ ಬಂದು, ಟವೆಲ್ಲಿನಲ್ಲಿ ಸುತ್ತಿದ್ದ ಮರಿಯನ್ನು ನನ್ನ ಮೇಜಿನ ಮೇಲಿಟ್ಟರು. ಸತ್ತಿತ್ತು.

"ನೀವ ಕಣ್ಣಾರೆ ನೋಡಿದ್ರಿ," ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು...

ಕೆಲಸಕ್ಕೆ ಅಡ್ಡ ಬಂದರೆಂದು ವಾರದೊಳಗೆ ಅವರನ್ನು ತೆಗೆದುಹಾಕಿದರು. ನನ್ನನ್ನು ಸೂಪರ್‌ವೈಸರ್ ಮಾಡಿದರು. ನಾಚಿಕೆಗೆಟ್ಟು ಒಪ್ಪಿಕೊಂಡೆ. ಕೊನೆಗೆ ನೋಡಿದರೆ, ರಸ್ತೆಯ ತಿರುವೇ ಬದಲಾಗಿ, ಆ ಮರವಿದ್ದ ಜಾಗಕ್ಕೆ ಡಾಂಬರು ಮುಟ್ಟಲೇ ಇಲ್ಲ. ಸುಮ್ಮಸುಮ್ಮನೆ ಕೊಂದೆವು!

ಗೇಟಿಗೆ ಬಣ್ಣ ಹಚ್ಚಿದ ಮರುದಿನವೇ ಖಾನಾಪುರದ ಬಸ್ಸು ಹತ್ತಿದೆ. ಮನೆ ಹುಡುಕಿಕೊಂಡು ಹೋದರೆ, ಮಾಮಾ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಯಾರೆಂದು ಹೇಳಿದೆ. ಅವರ ಹೆಂಡತಿ ಹೊರಗೆ ಹಾಕಲಿಲ್ಲ. ಕುಂದರ್ರಿ ಎಂದು ಚಾ ತಂದಿಟ್ಟರು.

"ಮರ ಬಿದ್ದ ಮ್ಯಾಲೂ ಆ ಹದ್ದ ಹಾವ ತೊಗೊಂಡ ಬರತಿತ್ತಂತ್ರಿ. ಮೂರ ದಿನಾ. ಇವರು ದಿನಾ ಹೋಗಿ ನೋಡಿ ಬರತಿದ್ರು. ಬಂದು ಉಣತಿದ್ದಿಲ್ಲ."

ತಪ್ಪಾಯಿತು ಎಂದೆ.

"ನನಗ್ಯಾಕ ಹೇಳ್ತೀರಿ?" ಎಂದರು ಅವರು.